ದೇವರನ್ನು ಹೆತ್ತದ್ದು ಸಾವಿನ ಭಯವೇ?

ವಿಚಾರವಾದಿಗಳ ಯಾವ ಸಭೆಗೆ ಹೋದರೂ ಒಂದು ಮಾತು ಬಂದೇ ಬರುತ್ತದೆ. ಮನುಷ್ಯ ಸಾವಿಗೆ ಹೆದರಿದ, ಹೆದರಿ ದೇವರನ್ನು ಕಟ್ಟಿಕೊಂಡ. ಚಪ್ಪಾಳೆ ಬೀಳುತ್ತದೆ, ಭಾಷಣಕಾರರು ನೀರು ಕುಡಿಯುತ್ತಾರೆ. ಇನ್ನೊಂದು ಕಡೆ, ಭಕ್ತರ ಮನೆಯ ಜಗಲಿಯಲ್ಲಿ ಕೂತರೆ ನನ್ನಂಥ ಪೂಜೆ ಪುನಸ್ಕಾರ ಇಲ್ಲದವನಿಗೆ ಸಿಗುವ ಪ್ರಸಾದ ಬೇರೆ: ‘ಈಗ ಮೈಯಲ್ಲಿ ಕಸುವಿದೆ, ಆಡ್ತೀಯ. ಹಾಸಿಗೆ ಹಿಡಿ, ಆಗ ನೀನೂ ನಾರಾಯಣ ಅಂತೀಯ.’ ಇಬ್ಬರೂ ಪರಸ್ಪರ ಮುಖ ನೋಡದವರು, ಆಡುವುದು ಮಾತ್ರ ಒಂದೇ ಮಾತು. ಸಾವು ಹತ್ತಿರ ಬಂದಷ್ಟೂ ದೇವರು ಹತ್ತಿರ ಬರುತ್ತಾನೆ ಎಂಬುದು ಇಬ್ಬರ ನಂಬಿಕೆ. ಒಬ್ಬರಿಗೆ ಅದು ಧರ್ಮದ ಸೋಲು, ಇನ್ನೊಬ್ಬರಿಗೆ ಗೆಲುವು, ಅಷ್ಟೇ ವ್ಯತ್ಯಾಸ.

ಈ ಮಾತಿಗೆ ವಯಸ್ಸಾಗಿದೆ. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಕವಿ ಲುಕ್ರೀಷಿಯಸ್ ಇದರ ಆಸುಪಾಸಿನಲ್ಲಿ ಸುಳಿದಾಡಿದ್ದ. 1927ರ ಮಾರ್ಚ್ 6ರಂದು ಲಂಡನ್ನಿನಲ್ಲಿ ಮಾಡಿದ ಭಾಷಣದಲ್ಲಿ ಬರ್ಟ್ರಂಡ್ ರಸೆಲ್ ಧರ್ಮದ ಬುಡದಲ್ಲಿರುವುದು ಭಯ, ಆ ಭಯಗಳಲ್ಲಿ ಸಾವಿನದೂ ಒಂದು ಎಂದು ವಾದಿಸಿದರು. ನಮ್ಮ ವೇದಿಕೆಗಳಿಗೆ ಬಂದದ್ದು ಹೆಚ್ಚಾಗಿ ಆ ದಾರಿಯಿಂದ. ಬರುವಾಗ ಉಳಿದ ಭಯಗಳು ದಾರಿಯಲ್ಲೇ ಉದುರಿ, ಸಾವಿನದು ಮಾತ್ರ ಉಳಿಯಿತು.

ನಾನು ದೇವರನ್ನು ನಂಬುವವನಲ್ಲ. ಆದರೂ ಈ ವಾದವನ್ನು ಒಪ್ಪಲಾರೆ. ಅದು ತಪ್ಪು. ತಪ್ಪಾಗಿರುವುದು ಸಾಲದು ಎಂಬಂತೆ, ನಿಜವಾದ ಕಳ್ಳನನ್ನು ಹಿಂಬಾಗಿಲಿನಿಂದ ಸಾಗಹಾಕುತ್ತದೆ.

2021ರ ಏಪ್ರಿಲ್ ಮತ್ತು ಮೇ ನೆನಪಿಸಿಕೊಳ್ಳಿ. ನಮ್ಮ ಕಾಲದಲ್ಲಿ ಸಾವು ಬೀದಿಯಲ್ಲಿ ಓಡಾಡಿದ್ದು ಆಗ. ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತವು. ವಾದ ನಿಜವಾಗಿದ್ದರೆ ಜನ ಆಗ ದೇವರ ಕಡೆ ನುಗ್ಗಬೇಕಿತ್ತು. ನುಗ್ಗಿದ್ದು ಆಮ್ಲಜನಕದ ಸಿಲಿಂಡರಿನ ಕಡೆ, ಹಾಸಿಗೆಯ ಕಡೆ, ರೆಮ್‌ಡೆಸಿವಿರ್ ಸಿಗುವ ಮೆಡಿಕಲ್ ಸ್ಟೋರಿನ ಕಡೆ. ಅದಕ್ಕೂ ಹಿಂದಿನ ವರ್ಷ ಮಾರ್ಚಿನಲ್ಲಿ ದೇವಸ್ಥಾನ, ಮಸೀದಿ, ಚರ್ಚುಗಳಿಗೆಲ್ಲ ಬೀಗ ಬಿದ್ದಿತ್ತು. ಜೂನ್ 8ರವರೆಗೂ ಬಾಗಿಲು ತೆರೆಯಲಿಲ್ಲ. ಬೀಗ ಒಡೆಯಲು ಯಾರೂ ಬರಲಿಲ್ಲ. ತೇರು ನಿಂತವು, ಜಾತ್ರೆ ನಿಂತವು, ನಾವು ಮನೆಯಲ್ಲಿ ಕೂತು ಕೈ ತೊಳೆದುಕೊಂಡೆವು.

ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಹೆತ್ತವರ ಹೆಣದ ಹತ್ತಿರ ಹೋಗಲು ಮಕ್ಕಳು ಹೆದರಿದರು. ಅಪ್ಪನ ಬೂದಿಯ ಮಡಕೆಯನ್ನು ತೆಗೆದುಕೊಂಡು ಹೋಗಲು ಬಾರದೆ ಉಳಿದರು. ಕೆಲವರದು ಸೋಂಕಿನ ಹೆದರಿಕೆ, ಕೆಲವರಿಗೆ ಕೈಯಲ್ಲಿ ಕಾಸಿರಲಿಲ್ಲ, ಕೆಲವು ಮನೆಗಳಲ್ಲಿ ಬರಬೇಕಾದವರೇ ಆಸ್ಪತ್ರೆಯಲ್ಲಿದ್ದರು. ಕೊನೆಗೆ 2021ರ ಜೂನ್ 2ರಂದು ರಾಜ್ಯ ಸರ್ಕಾರವೇ ಬೆಂಗಳೂರಿನ ಚಿತಾಗಾರಗಳಲ್ಲಿ ಉಳಿದಿದ್ದ ಸುಮಾರು 560 ಜನರ ಚಿತಾಭಸ್ಮವನ್ನು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಬಿಟ್ಟಿತು. ಆಗಿನ ಕಂದಾಯ ಸಚಿವ ಆರ್. ಅಶೋಕ್ ಮುಂದೆ ನಿಂತು ಮಂತ್ರ ಹೇಳಿಸಿದರು. ಸರ್ಕಾರ ಇಂಥ ಕೆಲಸ ಮಾಡಬಹುದೇ ಎಂದು ಸೆಕ್ಯುಲರ್ ತಕರಾರು ಎತ್ತಬಹುದಿತ್ತು. ನನಗೆ ಎತ್ತಲು ಮನಸ್ಸಾಗಲಿಲ್ಲ.

ಮಕ್ಕಳು ಹೆದರಿ ದೂರ ನಿಂತದ್ದನ್ನೂ ಬೆಳಕವಾಡಿಯಲ್ಲಿ ನಡೆದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಾವಿನ ಭಯ ನಿಜವಾಗಿ ಮೈಗೆ ಬಂದಾಗ ಅದು ಜನರನ್ನು ಕರ್ಮಾಂತರದಿಂದ, ಬೂದಿಯಿಂದ, ಹೊಳೆಯಿಂದ ದೂರ ಓಡಿಸಿತು. ಭಯ ಇಳಿದ ಮೇಲೆ ಹಿಂತಿರುಗಿದ್ದು ಬೇರೆಯೇ ಒಂದು ಭಾವನೆ. ಆ 560 ಜನ ಯಾರ ಮನೆಯವರೋ, ಅವರನ್ನು ಹೀಗೆ ಕಪಾಟಿನಲ್ಲಿ ಬಿಡಬಾರದು ಎಂಬ ಸಂಕಟ. ಬೆಳಕವಾಡಿಯ ನೀರಿಗಿಳಿದವರು ತಮ್ಮ ಸಾವಿಗೆ ಹೆದರಿ ಇಳಿದವರಲ್ಲ.

‘ನಾನು ಸಾಯುತ್ತೇನೆ’ ಎಂಬುದಕ್ಕೂ ‘ನನ್ನವರು ಸತ್ತರು’ ಎಂಬುದಕ್ಕೂ ಅಜಗಜಾಂತರ. ವಿಚಾರವಾದಿ ಮಿತ್ರರು ಎರಡನ್ನೂ ‘ಸಾವಿನ ಭಯ’ ಎಂಬ ಒಂದೇ ಚೀಲಕ್ಕೆ ತುರುಕುತ್ತಾರೆ. ತಿಥಿಯ ದಿನ ಕಾಗೆಗೆ ಎಡೆ ಇಟ್ಟು ಕಾಯುವವನ ಮುಖ ನೋಡಿ. ಕಾಗೆ ಬಾರದಿದ್ದರೆ ‘ಅಪ್ಪನಿಗೆ ಏನೋ ಕೊರಗು ಉಳಿದಿದೆ’ ಎಂದು ಚಡಪಡಿಸುತ್ತಾನೆ. ‘ನಾನು ಸತ್ತರೆ ಏನು ಗತಿ’ ಎಂದಲ್ಲ.

ಈಗ ಶ್ರವಣಬೆಳಗೊಳಕ್ಕೆ ಬನ್ನಿ. ಜನ ದೊಡ್ಡ ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಎಳನೀರು ಕುಡಿದು ಬಸ್ಸು ಹಿಡಿಯುತ್ತಾರೆ. ನಾನು ಹೇಳುತ್ತಿರುವುದು ಎದುರಿನ ಚಿಕ್ಕಬೆಟ್ಟ, ಚಂದ್ರಗಿರಿಯ ಮಾತು. ಶಾಸನಗಳು ಅದನ್ನು ಕಟವಪ್ರ ಎನ್ನುತ್ತವೆ. ಬಂಡೆಯ ಮೇಲೆ ಕಾಲಿಟ್ಟಲ್ಲೆಲ್ಲ ಅಕ್ಷರ. ಅವುಗಳಲ್ಲಿ ಬಹಳಷ್ಟು, ಅನ್ನ ನೀರು ಬಿಟ್ಟು ಸಲ್ಲೇಖನದಿಂದ ದೇಹ ತೊರೆದವರ ಲೆಕ್ಕ. ಕ್ರಿ.ಶ. 600ರ ಸುಮಾರಿನ ಹಳೆಯ ಶಾಸನವೊಂದು ಅಲ್ಲಿ ಏಳುನೂರು ಋಷಿಗಳು ಹೀಗೆ ಹೋದರೆಂದು ಹೇಳುತ್ತದೆ. ಗಂಗರ ದೊರೆ ಮಾರಸಿಂಹ ಗದ್ದುಗೆ ಬಿಟ್ಟು, 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು ಪ್ರಾಣ ಬಿಟ್ಟ. ಸಂಗತಿಯನ್ನು ಚಿಕ್ಕಬೆಟ್ಟದ ಕಂಬದ ಮೇಲೆ ಕೆತ್ತಿದ್ದಾರೆ. ನನ್ನನ್ನು ಹೆಚ್ಚು ಕಾಡುವುದು ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ. ಮಗಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ತಾಯಿ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಹೊರಟಳು. ಇಲ್ಲಿ ಸಾವಿನ ಭಯ ಎಲ್ಲಿದೆ, ಯಾರಾದರೂ ತೋರಿಸಿ.

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಂಥಾರಾ ಎಂಬ ಇದೇ ವ್ರತವನ್ನು ಆತ್ಮಹತ್ಯೆಗೆ ಸಮ ಎಂದು ಪರಿಗಣಿಸಿ, ಭಾರತೀಯ ದಂಡಸಂಹಿತೆಯ 306 ಮತ್ತು 309ನೇ ಕಲಮುಗಳಡಿ ಶಿಕ್ಷಾರ್ಹ ಎಂದಿತು. ಜೈನರು ದೇಶದ ಊರೂರುಗಳಲ್ಲಿ ಮೌನ ಮೆರವಣಿಗೆ ಮಾಡಿದರು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ತೀರ್ಪಿಗೆ ತಡೆ ನೀಡಿತು. ಆ ಮೂರು ವಾರ ನಡೆದ ವಾಗ್ವಾದ ನೋಡಿ ನನಗೆ ನಗು ಬಂದಿತ್ತು. ಧರ್ಮ ಎಂದರೆ ಸಾಯಲು ಹೆದರುವವರ ಆಸರೆ ಎನ್ನುತ್ತಿದ್ದವರೇ, ಧರ್ಮ ಜನರನ್ನು ಸಾಯಲು ಹಚ್ಚುತ್ತದೆ ಎಂದು ದೂರು ಹೇಳುತ್ತಿದ್ದರು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಸ್ವಾಮಿ. ಸಂಥಾರಾದ ಬಗ್ಗೆ ನನಗೂ ಅನುಮಾನಗಳಿವೆ. ಮನೆಯವರ ಒತ್ತಾಯಕ್ಕೆ, ಪ್ರತಿಷ್ಠೆಗೆ ಒಬ್ಬ ಅಜ್ಜಿ ಉಪವಾಸ ಕೂತರೆ ಅದನ್ನು ವ್ರತ ಎನ್ನಲಾರೆ. ಕಾನೂನು ಅಲ್ಲಿ ಕಣ್ಣಿಡಲೇಬೇಕು. ಅದು ಒತ್ತಾಯದ ಪ್ರಶ್ನೆ.

ಸಾವಿಗೆ ಹೆದರದೆ ಹೋದವರ ಈ ಉದಾಹರಣೆಗಳಿಗೆ ಒಂದು ಜಾಣ ಉತ್ತರವಿದೆ. ಸಲ್ಲೇಖನವೂ ಮುಂದಿನ ಜನ್ಮದ ವಿಮೆಯೇ, ಕಂತು ಕಟ್ಟಿ ಸಾಯುತ್ತಾರೆ ಎನ್ನುತ್ತಾರೆ. ಆದರೆ ಈ ನೆಲದ ಧರ್ಮಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಜೈನರು, ಬೌದ್ಧರು, ವೇದಾಂತಿಗಳು ನೂರೊಂದು ವಿಷಯಕ್ಕೆ ಜಗಳವಾಡಿದವರು. ಒಂದರಲ್ಲಿ ಮಾತ್ರ ಒಮ್ಮತ: ಮತ್ತೆ ಹುಟ್ಟಿ ಬರುವುದೇ ದುಃಖ, ಬಾರದಿರುವುದೇ ಬಿಡುಗಡೆ. ಹೆದರಿಕೆ ಇದ್ದರೆ ಅದು ಹುಟ್ಟಿನ ಹೆದರಿಕೆ. ಇಲ್ಲದಾಗಿ ಹೋಗುವ ಭಯಕ್ಕೆ ಔಷಧಿಯಾಗಿ ಹುಟ್ಟಿದ ಧರ್ಮ, ಇನ್ನು ಬಾರದಿರುವುದನ್ನೇ ಅತಿ ದೊಡ್ಡ ಬಹುಮಾನವಾಗಿ ಇಟ್ಟೀತೇ? ಲಿಂಗಾಯತರ ಮನೆಯಲ್ಲಿ ಸಾವಾದರೆ ಲಿಂಗೈಕ್ಯ ಎನ್ನುತ್ತಾರೆ, ಹೆಣವನ್ನು ಕೂರಿಸಿ ವಿಭೂತಿ ಗಟ್ಟಿಗಳ ನಡುವೆ ಮಣ್ಣು ಮಾಡುತ್ತಾರೆ. ಸೂತಕ ಎಂಬುದನ್ನೇ ಶರಣರು ತಳ್ಳಿಹಾಕಿದ್ದರು. ಇನ್ನು ಹೊರಗಿನ ಹಳೆಯ ಲೋಕಗಳನ್ನು ನೋಡಿದರೆ, ಗ್ರೀಕರ ಹೋಮರನ ಪಾತಾಳ ನೆರಳುಗಳು ಅಲೆಯುವ ಮಂಕು ಜಾಗ. ಹಳೆಯ ಮೆಸೊಪೊಟೇಮಿಯಾದಲ್ಲಿ ಸತ್ತವರಿಗೆ ಧೂಳೇ ಊಟ. ಸಮಾಧಾನಕ್ಕೆಂದು ಕಟ್ಟಿದ ಕಥೆಗಳಾಗಿದ್ದರೆ ಯಾರೂ ಇಷ್ಟು ಕೆಟ್ಟದಾಗಿ ಕಟ್ಟುತ್ತಿರಲಿಲ್ಲ.

ಮನಶ್ಶಾಸ್ತ್ರದವರೂ ಇದನ್ನು ಅಳೆದಿದ್ದಾರೆ. ಜೊನಾಥನ್ ಜಾಂಗ್ ಮತ್ತು ಸಂಗಡಿಗರು 2017ರಲ್ಲಿ ನೂರು ಅಧ್ಯಯನಗಳನ್ನು ಗುಡ್ಡೆ ಹಾಕಿ ನೋಡಿದರು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸಾವಿನ ಭಯಕ್ಕೂ ಧರ್ಮಶ್ರದ್ಧೆಗೂ ನಂಟೇ ಕಾಣಲಿಲ್ಲ. ಇದೇ ಜಾಂಗ್ 2012ರ ಪ್ರಯೋಗದಲ್ಲಿ, ಸಾವನ್ನು ನೆನಪಿಸಿದಾಗ ನಾಸ್ತಿಕರು ಬಾಯಲ್ಲಿ ಇನ್ನಷ್ಟು ನಾಸ್ತಿಕರಾದರೂ ಒಳಮನಸ್ಸಿನಲ್ಲಿ ಸ್ವಲ್ಪ ತಡವರಿಸಿದ್ದನ್ನು ಕಂಡಿದ್ದರು. ಎದುರು ಪಕ್ಷಕ್ಕೆ ಅಷ್ಟು ಬಿಟ್ಟುಕೊಡುತ್ತೇನೆ. ಆದರೆ 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಎಲ್ಲರ ಲೆಕ್ಕ ತಪ್ಪಿಸಿತು. ‘ನಾನು’ ಎಂಬುದೇ ಸುಳ್ಳು ಎಂದು ಅಭ್ಯಾಸ ಮಾಡುವ ಟಿಬೆಟನ್ ಬೌದ್ಧ ಭಿಕ್ಷುಗಳಲ್ಲಿ ಇಲ್ಲವಾಗುವ ಭಯ ಹಿಂದೂಗಳಿಗಿಂತ, ಅಮೆರಿಕನ್ನರಿಗಿಂತ ಹೆಚ್ಚಾಗಿತ್ತು. ಧರ್ಮ ಭಯಕ್ಕೆ ಮದ್ದು ಎಂದವರೂ, ಭಯವೇ ಧರ್ಮದ ಬೇರು ಎಂದವರೂ ಈಗ ಒಟ್ಟಿಗೆ ಕೂತು ತಲೆ ಕೆರೆದುಕೊಳ್ಳಬೇಕು.

ಹಾಗಾದರೆ ಜನ ದೇವರ ಹತ್ತಿರ ಹೋಗುವುದೇಕೆ? ನಮ್ಮೂರ ಮಾರಮ್ಮನ ಗುಡಿಯ ಹರಕೆಗಳನ್ನು ಕೇಳಿಸಿಕೊಳ್ಳಿ. ಮಳೆ ಬರಲಿ, ಬೋರಿನಲ್ಲಿ ನೀರು ಬೀಳಲಿ, ಮಗಳಿಗೆ ಗಂಡು ಸಿಗಲಿ, ಹಸು ಗಬ್ಬವಾಗಲಿ. ಪರಲೋಕದ ಸುದ್ದಿ ಇಲ್ಲ. 1898ರಲ್ಲಿ ಪ್ಲೇಗ್ ಬಂದ ಮೇಲೆ ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು ನಿಜ, ಅದು ಸಾವಿನ ಭಯವೇ. ಆದರೆ ಪ್ಲೇಗಮ್ಮನನ್ನು ಬೇಡಿದ್ದು ಸ್ವರ್ಗವನ್ನಲ್ಲ, ಈ ಬೀದಿ ಬಿಟ್ಟು ಹೋಗು ತಾಯೀ ಎಂದು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂತಿಟ್ಟರು. ಟಿವಿಯಲ್ಲಿ ಕಂಡ ಆ ದೃಶ್ಯಕ್ಕೆ ನಾನೂ ಸಿಟ್ಟಾಗಿದ್ದೆ. ಆದರೆ ಆ ತಾಯಂದಿರಿಂದ ಗುಂಡಿ ತೋಡಿಸಿದ್ದು ಸಾವಿನ ಭಯವಲ್ಲ. ಮಗು ಎದ್ದು ನಡೆದೀತು ಎಂಬ ಆಸೆ. ಇದನ್ನು ಅರ್ಥ ಮಾಡಿಕೊಳ್ಳದೆ ‘ಭಯಗ್ರಸ್ತ ಮೂಢರು’ ಎಂದು ಬಯ್ದರೆ, ಆ ಊರಿಗೆ ಫಿಸಿಯೋಥೆರಪಿ ಕೇಂದ್ರ ಬೇಕು ಎಂದು ಕೇಳುವವರೇ ಇರುವುದಿಲ್ಲ.

ಸಾವಿನ ಭಯ ಧರ್ಮದಲ್ಲಿ ಇಲ್ಲವೇ ಇಲ್ಲ ಎನ್ನುತ್ತಿಲ್ಲ. ಇದೆ. ಅದು ತಾನಾಗಿ ಬೆಳೆದದ್ದಲ್ಲ, ಬೆಳೆಸಿದ್ದು. ನಮ್ಮ ಅಜ್ಜಿಯ ಕಥೆಯನ್ನೇ ಹೇಳುತ್ತೇನೆ. ಟ್ರಂಕಿನ ತಳದಲ್ಲಿ ಕೆಂಪಂಚಿನ ಒಂದು ಸೀರೆ, ಕಾಶಿಯಿಂದ ಯಾರೋ ತಂದುಕೊಟ್ಟಿದ್ದ, ಬಾಯಿ ಬೆಸೆದ ಪುಟ್ಟ ತಾಮ್ರದ ಗಿಂಡಿ, ಕರ್ಚೀಫಿನಲ್ಲಿ ಗಂಟು ಕಟ್ಟಿದ ನೋಟುಗಳು. ‘ನಾನ್ ಹೋದಾಗ ಇದನ್ನೇ ಉಡಿಸ್ರೋ, ಸಾಲ ಮಾಡಬೇಡಿ’ ಎಂದು ವರ್ಷಕ್ಕೊಮ್ಮೆ ಟ್ರಂಕು ತೆಗೆದು ಬಿಸಿಲಿಗಿಟ್ಟು, ನುಸಿಗುಳಿಗೆ ಬದಲಿಸಿ ಮತ್ತೆ ಮುಚ್ಚುತ್ತಿದ್ದರು. ದೇವರನ್ನು ಅಷ್ಟು ನಂಬಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಸಾವಿಗೆ ಅಷ್ಟು ಕಡಿಮೆ ಹೆದರಿದವರನ್ನೂ.

ಅಜ್ಜಿ ತೀರಿಕೊಂಡ ಮಧ್ಯಾಹ್ನ ಕರೆಸಿದ ಪುರೋಹಿತರು ಪಂಚಾಂಗ ತೆಗೆದು ‘ಧನಿಷ್ಠಾ ಪಂಚಕ’ ಎಂದರು. ಆರು ತಿಂಗಳು ಮನೆ ಬಿಡಬೇಕು, ಇಲ್ಲದಿದ್ದರೆ ಮನೆಯಲ್ಲಿ ಇನ್ನೂ ಹೆಣ ಬೀಳುತ್ತದೆ. ಅಲ್ಲಿಯವರೆಗೆ ಆ ಮನೆಯಲ್ಲಿ ದುಃಖವಿತ್ತು, ಭಯವಿರಲಿಲ್ಲ. ಆ ಮಾತಿನಿಂದ ಬಂತು. ಅಮ್ಮ ನಮ್ಮಿಬ್ಬರು ಅಣ್ಣತಮ್ಮಂದಿರ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಬಾಗಿಲಿಗೆ ಮುಳ್ಳಿನ ಕಂಪೆ ಬಡಿದು ಬೀಗ ಹಾಕಿದೆವು. ಆರು ತಿಂಗಳು ಬಾಡಿಗೆ ಮನೆ, ಕೊನೆಯಲ್ಲಿ ಶಾಂತಿ ಹೋಮ, ದಾನ, ದಕ್ಷಿಣೆ. ಅಜ್ಜಿ ಸಾಲ ಮಾಡಬೇಡಿ ಎಂದಿದ್ದರಲ್ಲ, ಸಾಲ ಮಾಡಿದೆವು.

ಇಂದು ಆ ಪುರೋಹಿತರ ಜಾಗದಲ್ಲಿ ಟಿವಿ ಇದೆ. ಗ್ರಹಣ ಬಂತೆಂದರೆ ಬೆಳಿಗ್ಗೆಯಿಂದ ಯಾವ ರಾಶಿಗೆ ಗಂಡಾಂತರ, ಯಾವ ರಾಶಿಗೆ ಪ್ರಾಣಭಯ ಎಂಬ ಪಟ್ಟಿ, ಕೆಳಗೆ ಓಡುವ ಫೋನ್ ನಂಬರು. ಮೃತ್ಯುಂಜಯ ಹೋಮಕ್ಕೆ ಒಂದು ದರ, ಯಂತ್ರಕ್ಕೆ ಇನ್ನೊಂದು. ವಿಚಾರವಾದಿಗಳು ‘ಭಯವೇ ಧರ್ಮದ ಮೂಲ’ ಎಂದು ಭಾಷಣ ಮಾಡಿದಾಗ ಹೆಚ್ಚು ಅನುಕೂಲವಾಗುವುದು ಟಿವಿಯ ಈ ಜ್ಯೋತಿಷಿಗಳಿಗೆ. ಭಯ ಮನುಷ್ಯನ ಹುಟ್ಟುಗುಣವಾದ ಮೇಲೆ ನಾವು ಬರೀ ಮದ್ದು ಮಾರುವವರು ಎಂದು ಕೈ ತೊಳೆದುಕೊಳ್ಳುತ್ತಾರೆ. ಟ್ರಂಕಿನ ಮುಂದೆ ಕೂತ ಅಜ್ಜಿಯನ್ನೂ ಈ ವ್ಯಾಪಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ಅಜ್ಜಿಯ ಮೊಮ್ಮಕ್ಕಳು ಸಹಜವಾಗಿ ವ್ಯಾಪಾರಿಯ ಪಕ್ಕ ಹೋಗಿ ನಿಲ್ಲುತ್ತಾರೆ. ಆಗುತ್ತಿರುವುದೂ ಅದೇ.

ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ನಮ್ಮ ರಾಜ್ಯದ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ವರ್ಷಗಟ್ಟಲೆ ಜಗ್ಗಾಡಿ ಅದನ್ನು ಪಾಸು ಮಾಡುವಾಗ ಜ್ಯೋತಿಷ್ಯ ಮತ್ತು ವಾಸ್ತುವನ್ನು ಹೊರಗೆ ಬಿಟ್ಟರು. ಜಾತಕ ನೋಡಿಸಿಕೊಳ್ಳುವುದು ನಿಮ್ಮಿಷ್ಟ, ನಾನು ಅಡ್ಡ ಬರುವುದಿಲ್ಲ. ಆದರೆ ಇಂಥವರು ಸಾಯುತ್ತಾರೆ, ಇಂಥ ಮನೆಯಲ್ಲಿ ಹೆಣ ಬೀಳುತ್ತದೆ ಎಂದು ಹೇಳಿ ಹಣ ಕೀಳುವುದನ್ನು ಅದೇ ಕಾಯ್ದೆಯ ಪಟ್ಟಿಗೆ ಸೇರಿಸಿ ಎಂದು ನಿಮ್ಮ ಕ್ಷೇತ್ರದ ಶಾಸಕರನ್ನು ಕೇಳಿ. ದೇವರು ಇದ್ದಾನೋ ಇಲ್ಲವೋ ಎಂದು ಅವರ ಹತ್ತಿರ ವಾದಕ್ಕೆ ಇಳಿಯಬೇಡಿ, ಅದಕ್ಕೆ ಅವರಿಗೆ ಪುರುಸೊತ್ತಿಲ್ಲ.