ನಾಲ್ಕು ಮಳೆಗಾಲ ಬಾಲ್ಕನಿಯಲ್ಲಿ

ಧಾರವಾಡದಿಂದ ಅಕ್ಕನ ಮಗ ಇಂಜಿನಿಯರಿಂಗ್ ಓದಲು ಪುಣೆಗೆ ಬಂದು ಐದು ತಿಂಗಳಾಯಿತು. ಕರ್ವೆನಗರದಲ್ಲಿ ರೂಮು, ಅಲ್ಲಿಂದ ಕಾಲೇಜಿಗೆ 6 ಕಿಲೋಮೀಟರ್. ಬಸ್ಸು ಹೊತ್ತಿಗೆ ಸಿಗುವುದಿಲ್ಲ, ಆಟೋಗೆ ತಿಂಗಳಿಗೆ ಎರಡು ಸಾವಿರದ ಮೇಲೆ ಹೋಗುತ್ತಿದೆ. ಸೈಕಲ್ ತಗೊಳ್ಳುತ್ತೇನೆ ಎಂದ. ಅಕ್ಕ ಭಿಶಿ ಎತ್ತಿ 10,000 ರೂಪಾಯಿ ಕಳಿಸಿದಳು. ನನಗೆ ಬೇರೆ ಫೋನ್ ಮಾಡಿ, "ಹುಡುಗಗ ತಿಳಿಯೂದಿಲ್ಲ, ನೀ ಮುಂದ ನಿಂತು ಕೊಡಸು" ಅಂದಳು. ನಾನೇನು ದೊಡ್ಡ ಪರಿಣತನಲ್ಲ. ಎರಡು ಸಲ ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡು ಒಂದು ಸಲ ಕೈ ಸುಟ್ಟುಕೊಂಡವನು, ಅಷ್ಟೇ ಅರ್ಹತೆ.

ನಮ್ಮದೇ ಸೊಸೈಟಿಯ ಸಿ ವಿಂಗಿನಲ್ಲಿ ಒಬ್ಬರು ಕೆನಡಾಕ್ಕೆ ಹೊರಟಿದ್ದರು. ಮನೆಸಾಮಾನು ಮಾರುತ್ತಿದ್ದರು. ಅದರಲ್ಲಿ ಒಂದು ಮೌಂಟನ್ ಬೈಕು. 2020ರ ಲಾಕ್‌ಡೌನಿನಲ್ಲಿ 21,000 ಕೊಟ್ಟು ತಂದದ್ದು, ಈಗ ಹೇಳಿದ ಬೆಲೆ 12,000. 27.5 ಇಂಚಿನ ಚಕ್ರ, 21 ಗೇರು. ಅಳಿಯ ಅದನ್ನು ನೋಡಿದವನೇ ಬೆಳಗಿಬಿಟ್ಟ. "ಮಾಮಾ, ಮುಂದ ಶಾಕಪ್ ಐತಿ, ಎರಡೂ ಕಡೆ ಡಿಸ್ಕ್ ಬ್ರೇಕ್ ಅದಾವು!" ಅದೂ ಮಾರುವವರ ಎದುರಿಗೇ. ಚೌಕಾಸಿ ಅಲ್ಲಿಗೆ ಅರ್ಧ ಸತ್ತಂತೆ.

"ಮುನ್ನೂರು ಕಿಲೋಮೀಟರ್ ಕೂಡ ಓಡಿಲ್ಲ" ಎಂದರು ಆ ಗೃಹಸ್ಥರು. ಎಲ್ಲರೂ ಹೀಗೇ ಹೇಳುತ್ತಾರೆ. ನಾನು ಜೇಬಿನಿಂದ ಮಗಳ ಕಂಪಾಸ್ ಬಾಕ್ಸಿನ ಜೊತೆಗಿದ್ದ ಉಕ್ಕಿನ ಪಟ್ಟಿ ತೆಗೆದೆ. ಸೈಕಲ್ ಚೈನಿನಲ್ಲಿ ಅರ್ಧ ಇಂಚಿಗೊಂದು ಪಿನ್ನು ಇರುತ್ತದೆ. ಚೈನನ್ನು ಸ್ವಲ್ಪ ಬಿಗಿ ಹಿಡಿದು, ಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುಮಧ್ಯಕ್ಕೆ ಇಟ್ಟರೆ, ಹೊಸ ಚೈನಿನಲ್ಲಿ 12 ಇಂಚಿನ ಗೆರೆಯ ಮೇಲೆ ಸರಿಯಾಗಿ ಇನ್ನೊಂದು ಪಿನ್ನು ಬಂದು ಕೂರಬೇಕು. ಓಡಿಸಿದಂತೆಲ್ಲ ಪಿನ್ನುಗಳು ಸವೆದು ಚೈನು ಉದ್ದವಾಗುತ್ತದೆ. ಆ ಪಿನ್ನು ಗೆರೆಯಿಂದ ಇಂಚಿನ ಹದಿನಾರನೇ ಒಂದು ಭಾಗ ಆಚೆ ಹೋಗಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಗೇರಿನ ಹಲ್ಲುಗಳೂ ಸವೆದಿವೆ ಎಂದೇ ಲೆಕ್ಕ. ಮೀಟರ್ ಇಲ್ಲದ ವಾಹನಕ್ಕೆ ಇದೇ ಮೀಟರು.

ಅಳತೆ ಕರೆಕ್ಟಾಗಿ 12 ಇಂಚು ಬಂತು. ಪಾಪ, ಅವರು ನಿಜವನ್ನೇ ಹೇಳಿದ್ದರು. ಸೈಕಲ್ಲು ಓಡೇ ಇರಲಿಲ್ಲ.

ತೊಂದರೆ ಇದ್ದದ್ದೂ ಅಲ್ಲೇ. ನಾಲ್ಕು ಮಳೆಗಾಲ ಅದು ಬಾಲ್ಕನಿಯಲ್ಲಿ ನಿಂತಿತ್ತು, ಪುಣೆಯ ಇರಚಲು ಮಳೆಗೆ ಒಂದು ಮಗ್ಗುಲು ಕೊಟ್ಟುಕೊಂಡು. ಕಡಿಮೆ ಓಡಿದ್ದು ಎಂದರೆ ಒಳ್ಳೆಯದು ಎಂಬ ನಮ್ಮ ಕಾರಿನ ಲೆಕ್ಕ ಇಲ್ಲಿ ಪೂರ್ತಿ ನಡೆಯುವುದಿಲ್ಲ. ಚೈನು ಸವೆದಿರಲಿಲ್ಲ, ಆದರೆ ತುಕ್ಕು ಹಿಡಿದು ನಾಲ್ಕೈದು ಕೊಂಡಿಗಳು ಮಡಚುತ್ತಲೇ ಇರಲಿಲ್ಲ. ಟೈರಿನ ಹೂವು ಹೊಚ್ಚಹೊಸದರ ಹಾಗಿತ್ತು, ಪಕ್ಕದ ಗೋಡೆಯಲ್ಲಿ ಮಾತ್ರ ಬೇಸಿಗೆಯ ಕೆರೆಯಂಗಳದಂತೆ ಸಣ್ಣ ಸಣ್ಣ ಬಿರುಕು. ಗೇರಿನ ಕೇಬಲ್ಲು ಕವಚದೊಳಗೇ ಅಂಟಿಕೊಂಡಿತ್ತು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿದೆ. ಹ್ಯಾಂಡಲ್ ಬೇರಿಂಗಿನಲ್ಲಿ ಅಲುಗಾಟ ಇರಲಿಲ್ಲ. ಚಕ್ರ ಎತ್ತಿ ತಿರುಗಿಸಿದರೆ ಡೊಂಕಿಲ್ಲದೆ ತಿರುಗಿತು. ಹಿಂದೆ ನಿಂತು ನೋಡಿದರೆ ಗೇರು ಬದಲಿಸುವ ತೋಳು ಚಕ್ರಕ್ಕೆ ಸಮಾನಾಂತರವಾಗಿಯೇ ಇತ್ತು, ಅಂದರೆ ಸೈಕಲ್ಲು ಬಲಕ್ಕೆ ಜೋರಾಗಿ ಬಿದ್ದದ್ದಿಲ್ಲ. ಹ್ಯಾಂಡಲ್ ಕೊಳವೆಗೆ ಕೆಳಗಿನ ದಂಡ ಕೂಡುವ ಜಾಗದಲ್ಲಿ ಬಣ್ಣ ಬಿರಿದಿಲ್ಲ. ಅಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಮುಂದೆ ಮಾತಾಡದೆ ಎದ್ದು ಬರಬೇಕು. ಪೆಡಲಿನ ಅಚ್ಚಿನ ಅಡಿಯಲ್ಲಿ ಕೊರೆದ ನಂಬರು ಬಿಲ್ಲಿಗೆ ಹೊಂದಿತು. ಇದನ್ನು ನೆರೆಯವರಲ್ಲಿ ನೋಡುವುದಕ್ಕೆ ಸಂಕೋಚ ಆಗುತ್ತದೆ, ಆದರೂ ನೋಡಬೇಕು. ನಮ್ಮ ಊರುಗಳಲ್ಲಿ ಕದ್ದ ಸೈಕಲ್ಲು ಎಷ್ಟು ಕೈ ದಾಟಿರುತ್ತದೋ ಯಾರು ಬಲ್ಲರು.

ಕೊನೆಗೆ ಅಳಿಯನ ಪ್ರೀತಿಯ ಶಾಕಪ್ಪಿಗೆ ಬಂದೆ. ಹ್ಯಾಂಡಲ್ ಮೇಲೆ ಎದೆಯ ಭಾರ ಹಾಕಿ ಒತ್ತಿದೆ. ಕೆಳಗಿಳಿಯಲಿಲ್ಲ. ಹೊಳೆಯಬೇಕಾದ ಕೊಳವೆಯ ಮೇಲೆ ತುಕ್ಕಿನ ಚುಕ್ಕೆಗಳು. ಆ ಚುಕ್ಕೆಗಳು ಒಳಗಿನ ರಬ್ಬರನ್ನು ಕೊರೆಯುತ್ತವೆ, ಕೆಸರು ನೀರು ಒಳಗಿಳಿಯುತ್ತದೆ. ಈ ದರ್ಜೆಯ ಸೈಕಲ್ಲುಗಳಲ್ಲಿ ಬರುವುದು ಸ್ಪ್ರಿಂಗಿನ ಫೋರ್ಕು, ಅದೊಂದೇ ಎರಡೂವರೆ ಕಿಲೋ ಆಸುಪಾಸು ತೂಗುತ್ತದೆ. ಕೆಲಸ ಮಾಡದಿದ್ದರೆ ಅಷ್ಟೂ ಸುಮ್ಮನೆ ಹೊರುವ ಭಾರ.

ಶಾಕಪ್ ಇಲ್ಲದೆ ಮೌಂಟನ್ ಬೈಕೇ ಅಲ್ಲ ಎಂಬುದು ನಮ್ಮ ಹುಡುಗರ ನಂಬಿಕೆ. ಅಸಲಿಗೆ ಮೌಂಟನ್ ಬೈಕ್ ಹುಟ್ಟಿದ್ದೇ ಸೆಕೆಂಡ್ ಹ್ಯಾಂಡ್ ಸೈಕಲ್ಲುಗಳಿಂದ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯ ಹುಡುಗರು 1930-40ರ ಕಾಲದ ದಪ್ಪ ಟೈರಿನ ಹಳೇ ಶ್ವಿನ್ ಸೈಕಲ್ಲುಗಳನ್ನು ಹುಡುಕಿ ತಂದು ಬೆಟ್ಟದ ಮಣ್ಣುಹಾದಿಯಲ್ಲಿ ಕೆಳಕ್ಕೆ ಬಿಡುತ್ತಿದ್ದರು. ಇಳಿದು ಮುಗಿಯುವಷ್ಟರಲ್ಲಿ ಹಿಂದಿನ ಬ್ರೇಕಿನ ಗ್ರೀಸು ಕಾದು ಹೊಗೆಯಾಗಿರುತ್ತಿತ್ತು, ಪ್ರತಿ ಸಲ ಹೊಸದಾಗಿ ತುಂಬಬೇಕಿತ್ತು. ಅದಕ್ಕೇ ಅಲ್ಲಿಯ ಓಟಕ್ಕೆ 'ರೀಪ್ಯಾಕ್' ಎಂದು ಹೆಸರಾಯಿತು. ಮೊದಲ ಸ್ಪರ್ಧೆ 1976ರಲ್ಲಿ. ರಾಕ್‌ಶಾಕ್ಸ್ ಕಂಪನಿಯ ಮೊದಲ ಫೋರ್ಕು ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ಅಲ್ಲಿಯವರೆಗೆ ಬೆಟ್ಟ ಇಳಿದವರೆಲ್ಲ ಬಹುಪಾಲು ದಪ್ಪ ಟೈರನ್ನೂ ತಮ್ಮ ಮೊಣಕೈಯನ್ನೂ ನಂಬಿಯೇ ಇಳಿದರು. ಇದನ್ನೆಲ್ಲ ಅಳಿಯನಿಗೆ ಅಲ್ಲೇ ಹೇಳಿದೆ. ಅವನು ಗೇರು ತಿರುಗಿಸುತ್ತಿದ್ದ.

ಲೆಕ್ಕಕ್ಕೆ ಕೂತೆವು. ಚೈನು 700, ಟೈರು ಟ್ಯೂಬು 2,400, ಕೇಬಲ್ಲು ಮತ್ತು ಕವಚ 500, ಬ್ರೇಕ್ ಪ್ಯಾಡು 400, ಗ್ರೀಸು, ಕೂಲಿ ಸೇರಿ 900. ಒಟ್ಟು 4,900. ಫೋರ್ಕಿನ ಮಾತು ಬಿಟ್ಟು. ಹೇಳಿದ ಬೆಲೆಯಲ್ಲಿ ಇದನ್ನು ಕಳೆದು 7,000 ಎಂದೆ. ಅವರ ಮುಖ ಸಪ್ಪಗಾಯಿತು, ಆದರೂ ಹೊರಡುವ ಅವಸರ, "8,500 ಮಾಡಿಕೊಳ್ಳಿ" ಎಂದರು. ಅಕ್ಕನ ದುಡ್ಡಿನೊಳಗೆ ಬರುತ್ತಿತ್ತು, ರಿಪೇರಿಗೆ ನಾನು ಸೇರಿಸಬಹುದಿತ್ತು. ಅಳಿಯ ನನ್ನ ಮುಖ ನೋಡುತ್ತಿದ್ದ.

"ಹತ್ತಿ ನಿಂದ್ರು" ಎಂದೆ. ಸೀಟಿನ ಮೇಲಲ್ಲ, ಮೇಲಿನ ದಂಡದ ಎರಡೂ ಬದಿ ಕಾಲೂರಿ. ಫ್ರೇಮು 19 ಇಂಚಿನದು, ಹುಡುಗ ಐದಡಿ ನಾಲ್ಕು ಇಂಚು. ಪಾದ ಪೂರ್ತಿ ನೆಲಕ್ಕೂರಿದಾಗ ದಂಡಕ್ಕೂ ಅವನಿಗೂ ನಡುವೆ ಎರಡು ಇಂಚಾದರೂ ಖಾಲಿ ಇರಬೇಕು. ಇರಲಿಲ್ಲ. ಅವನು ತುದಿಗಾಲಲ್ಲಿ ನಿಂತು, "ಸೀಟು ಇಳಿಸಿದ್ರ ಆತಲ್ರಿ ಮಾಮಾ" ಎಂದ. ಸೀಟು ಇಳಿಯುತ್ತದೆ, ದಂಡ ಇಳಿಯುವುದಿಲ್ಲ. ಹ್ಯಾಂಡಲ್ಲೂ ಹತ್ತಿರಕ್ಕೆ ಬರುವುದಿಲ್ಲ. ಅವನ ಎತ್ತರಕ್ಕೆ 15-16 ಇಂಚಿನ ಫ್ರೇಮು ಸರಿ. ಸಿಂಹಗಡ ರಸ್ತೆಯ ಟ್ರಾಫಿಕ್ಕಿನಲ್ಲಿ, ಹಿಂದೆ ಬಸ್ಸು ಹಾರ್ನ್ ಹೊಡೆಯುವಾಗ ಗಕ್ಕನೆ ಕಾಲೂರಬೇಕಾಗಿ ಬಂದರೆ? ನಾನು ಬೇಡ ಎಂದೆ. ಮಾಡಿದ ಚೌಕಾಸಿಯೆಲ್ಲ ನೀರಿಗೆ. ನಿಜ ಹೇಳಬೇಕೆಂದರೆ ಈ ಅಳತೆಯನ್ನು ಎಲ್ಲಕ್ಕಿಂತ ಮೊದಲು ನೋಡಬೇಕಿತ್ತು. ಒಂದು ತಾಸು ಅವರ ಚಹಾ ಕುಡಿದು, ಬೆಲೆ ಇಳಿಸಿ, ಆಮೇಲೆ ಬೇಡ ಎಂದದ್ದು ನನ್ನದೇ ತಪ್ಪು. ಅವರು ವಿಮಾನ ಹತ್ತುವವರೆಗೂ ಲಿಫ್ಟಿನಲ್ಲಿ ಸಿಕ್ಕಾಗೆಲ್ಲ ಇಬ್ಬರೂ ಫ್ಲೋರ್ ನಂಬರ್ ನೋಡುತ್ತಾ ನಿಂತೆವು. ಸೈಕಲ್ಲು 9,000ಕ್ಕೆ ಹೋಯಿತಂತೆ.

ಅಳಿಯ ನಾಲ್ಕು ದಿನ ಫೋನ್ ಎತ್ತಲಿಲ್ಲ. ಐದನೆಯ ದಿನ ನಾರಾಯಣ ಪೇಠೆಯ ಒಂದು ಹಳೇ ರಿಪೇರಿ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿ 26 ಇಂಚಿನ ಚಕ್ರದ, ಶಾಕಪ್ ಇಲ್ಲದ, ರಬ್ಬರ್ ಬ್ರೇಕಿನ, ಆರು ಗೇರಿನ ಒಂದು ಸೈಕಲ್ಲು. ಬಣ್ಣ ಹೋಗಿತ್ತು. ಚೈನು ಅಳೆದರೆ ಎಂಟನೇ ಒಂದು ಭಾಗ ದಾಟಿತ್ತು, ಅಂದರೆ ಚೆನ್ನಾಗಿ ದುಡಿದ ಸೈಕಲ್ಲು. ಚೈನು, ಹಿಂದಿನ ಗೇರು ಎರಡನ್ನೂ ಹೊಸದು ಹಾಕಿಸಿ 5,200ಕ್ಕೆ ಮುಗಿಯಿತು. ಅದರ ಟೈರು, ಬ್ರೇಕ್ ರಬ್ಬರು ಯಾವ ಗಲ್ಲಿಯ ಅಂಗಡಿಯಲ್ಲೂ ಸಿಗುತ್ತವೆ. ಉಳಿದ ದುಡ್ಡಿನಲ್ಲಿ ಹೆಲ್ಮೆಟ್ಟು, ಲೈಟು, ಒಂದು ಗಟ್ಟಿ ಬೀಗ. ಅಕ್ಕನಿಗೆ ಫೋಟೋ ಕಳಿಸಿದೆ. "ಹಳೇದು ಕಾಣ್ತೈತಲ್ಲೋ" ಎಂದಳು.

ಹೋದ ಭಾನುವಾರ ಅವನಿಂದ ಒಂದು ಫೋಟೋ ಬಂತು. ಕಾಲೇಜಿನ ಗೆಳೆಯರ ಜೊತೆ ಖಡಕ್‌ವಾಸಲಾ ದಾಟಿ ಪಾನಶೆತ್ ಕಡೆ ಎಲ್ಲೋ ಮಣ್ಣುಹಾದಿಯಲ್ಲಿ ನಿಂತಿದ್ದಾನೆ, ಮೊಣಕಾಲತನಕ ಕೆಂಪು ಧೂಳು. ಕೆಳಗೆ ಬರೆದಿದ್ದ: "ಮಸ್ತ್ ಆತು ಮಾಮಾ. ಆದ್ರ ಕೈ ಜುಮ್ ಅನ್ನಾಕತ್ತಾವು. ಶಾಕಪ್ ಇದ್ದದ್ದು ಬೇಕಿತ್ತ ನೋಡ್ರಿ."

ಟೈರಿನ ಗಾಳಿ ಸ್ವಲ್ಪ ಕಡಿಮೆ ಮಾಡು ಎಂದು ಬರೆದೆ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ.