ಸೋಮವಾರ ಮಾತ್ರ ನಾಲ್ಕೂಕಾಲಕ್ಕೆ ಯಾಕೆ?

ವಾರದಲ್ಲಿ ಒಂದೇ ದಿನ, ಸೋಮವಾರ, ನಮ್ಮ ಮೆಟ್ರೋ ಬೆಳಗಿನ ಜಾವ 4:15ಕ್ಕೆ ಶುರುವಾಗುತ್ತೆ. 2025ರ ಜನವರಿ 13ರಿಂದ ಬಂದ ವ್ಯವಸ್ಥೆ ಇದು. ಉಳಿದ ದಿನ 5 ಗಂಟೆಗೆ, ಭಾನುವಾರ 7ಕ್ಕೆ. ವಾರಾಂತ್ಯಕ್ಕೆ ಊರಿಗೆ ಹೋದವರು ವಾಪಸ್ ಬಂದು ಮೆಜೆಸ್ಟಿಕ್‌ನಲ್ಲಿ ಇಳೀತಾರೆ, ಅವರಿಗೆ ಅನುಕೂಲ ಆಗಲಿ ಅನ್ನೋದು ಬಿಎಂಆರ್‌ಸಿಎಲ್ ಉದ್ದೇಶ. ಒಳ್ಳೆ ನಿರ್ಧಾರವೇ. ಆದರೆ ಇದರೊಳಗೆ ಒಂದು ಊಹೆ ಅಡಗಿ ಕೂತಿದೆ. ಹೊರಗಿನಿಂದ ಮೆಜೆಸ್ಟಿಕ್‌ಗೆ ಬರುವವರು ಅಂದ್ರೆ ಶನಿವಾರ, ಭಾನುವಾರ ರಜೆ ಇರೋ ನೌಕರರು ಅನ್ನೋ ಊಹೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಬೆಂಗಳೂರು ಬಸ್ ಹತ್ತೋರು ಯಾರು? ಗಾರೆ ಕೆಲಸಕ್ಕೆ ಹೊರಟ ಗಂಡ-ಹೆಂಡತಿ, ಕಿದ್ವಾಯಿ ಆಸ್ಪತ್ರೆಯ ಫೈಲು ಹಿಡಿದವರು, ಸ್ಪರ್ಧಾತ್ಮಕ ಪರೀಕ್ಷೆ ಬರೆಯೋ ಹುಡುಗ ಹುಡುಗಿಯರು. ಇವರಿಗೆ ಮಂಗಳವಾರವೂ ಒಂದೇ, ಗುರುವಾರವೂ ಒಂದೇ. ಪರೀಕ್ಷೆಗಳಂತೂ ಹೆಚ್ಚಾಗಿ ಭಾನುವಾರವೇ ಇರ್ತವೆ, ಅಂದರೆ ಮೆಟ್ರೋ ಅತಿ ತಡವಾಗಿ ಏಳೋ ದಿನ. ದೊಡ್ಡ ಪರೀಕ್ಷೆ ಇದ್ದ ಕೆಲವು ಭಾನುವಾರ ಬೇಗ ರೈಲು ಬಿಟ್ಟಿದ್ದಾರೆ, ನಿಜ. ಅದು ವಿಶೇಷ ಪ್ರಕಟಣೆಯಾಗಿ ಬರುತ್ತೆ, ನಿಯಮವಾಗಿ ಅಲ್ಲ.

ನಾಡಪ್ರಭು ಕೆಂಪೇಗೌಡ ನಿಲ್ದಾಣ, ನಮಗೆಲ್ಲ ಮೆಜೆಸ್ಟಿಕ್, ನೇರಳೆ ಮತ್ತು ಹಸಿರು ಮಾರ್ಗಗಳು ನೆಲದಡಿ ಒಂದರ ಮೇಲೊಂದು ಹಾದುಹೋಗೋ ಜಾಗ. 2016ರಲ್ಲಿ ನೇರಳೆ, 2017ರಲ್ಲಿ ಹಸಿರು ಬಂದಾಗಿನಿಂದ ಅದನ್ನ ಎರಡು ಮೆಟ್ರೋ ಮಾರ್ಗಗಳ ನಡುವಿನ ಇಂಟರ್‌ಚೇಂಜ್ ಅಂತಲೇ ಲೆಕ್ಕ ಹಾಕ್ತಾ ಬಂದಿದೀವಿ. ನನ್ನ ಪ್ರಕಾರ ಅದರ ದೊಡ್ಡ ಬದಲಾವಣೆ ಇರೋದು ಬಣ್ಣದಿಂದ ಬಣ್ಣಕ್ಕಲ್ಲ, ರಾಜ್ಯದಿಂದ ನಗರಕ್ಕೆ. ಒಂದು ಪಕ್ಕ ಕೆಂಪೇಗೌಡ ಬಸ್ ನಿಲ್ದಾಣ, ಇನ್ನೊಂದು ಪಕ್ಕ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ ಇರೋವಾಗ ಬೇರೆ ಹೇಗೆ ಆಗೋಕೆ ಸಾಧ್ಯ?

ನಮ್ಮ ಕಡೆಯವರಿಗೆ ಬಸ್ಸೇ ಗತಿ ಅನ್ನೋದಕ್ಕೂ ಕಾರಣ ಇದೆ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ರೈಲೇ ಇಲ್ಲ. ಗದಗ-ಹೋಟಗಿ ಮಾರ್ಗದಲ್ಲಿ ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಅನ್ನೋ ಸ್ಟೇಷನ್‌ಗಳಿವೆ. ಹೆಸರಿನ ಕೊನೆಯ 'ರೋಡ್' ಗಮನಿಸಿ. ರೈಲ್ವೆ ಭಾಷೆಯಲ್ಲಿ ಅದರರ್ಥ: ಊರು ಇಲ್ಲಿಲ್ಲ, ಇಲ್ಲಿಂದ ದಾರಿ ಐತಿ. ಅಲ್ಲಿಂದ ಹೊರಟ ರೈಲೂ ಸುತ್ತು ಹಾಕಿಯೇ ಬೆಂಗಳೂರು ಮುಟ್ಟಬೇಕು. ಕೂಡಗಿಯ 2,400 ಮೆಗಾವಾಟ್ ಸ್ಥಾವರಕ್ಕೆ ಕಲ್ಲಿದ್ದಲು ಮಾತ್ರ ರೈಲಲ್ಲಿ ಬಾಗಿಲವರೆಗೆ ಬರುತ್ತೆ. ಮುದ್ದೇಬಿಹಾಳದ ಮೇಲೆ ಹೋಗಬೇಕಾದ ಆಲಮಟ್ಟಿ-ಯಾದಗಿರಿ ಮಾರ್ಗ ಇನ್ನೂ ಬೇಡಿಕೆ ಪಟ್ಟಿಯಲ್ಲೇ ಇದೆ.

ಈಗ ದುಡ್ಡಿನ ಲೆಕ್ಕ ನೋಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಸಿಂದಗಿಯ ಹೆಣ್ಣುಮಗಳು ವೇಗದೂತ ಬಸ್ಸಲ್ಲಿ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಪುಕ್ಕಟೆ ಬರಬಹುದು. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಮೆಟ್ಟಿಲು ಇಳಿದ ಕೂಡಲೇ ಮೀಟರ್ ಓಡೋಕೆ ಶುರು. 2025ರ ಫೆಬ್ರವರಿ 9ರ ಪರಿಷ್ಕರಣೆಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. 10ರಿಂದ 15 ಕಿಲೋಮೀಟರಿಗೆ 60 ಆಯ್ತು. ದಟ್ಟಣೆ ಇಲ್ಲದ ಹೊತ್ತಿನ ರಿಯಾಯಿತಿ ಇಟ್ಟಿದ್ದು ಸ್ಮಾರ್ಟ್ ಕಾರ್ಡ್ ಇದ್ದವರಿಗೆ. ವರ್ಷಕ್ಕೆ ಎರಡು ಸಲ ಬರೋರು ಕಾರ್ಡ್ ಯಾಕೆ ಇಟ್ಟುಕೋತಾರೆ?

ಇನ್ನು ಚೀಲದ ವಿಷಯ. 60×45×25 ಸೆಂಟಿಮೀಟರ್ ಅಥವಾ 15 ಕೆಜಿ ಮೀರಿದ ಬ್ಯಾಗಿಗೆ 30 ರೂಪಾಯಿ ಪ್ರತ್ಯೇಕ. ಆಫೀಸಿಗೆ ಹೋಗೋರ ಬೆನ್ನುಚೀಲಕ್ಕೆ ಸರಿಹೊಂದೋ ಅಳತೆ ಇದು. ಮನೆಯಿಂದ ಜೋಳ, ಹಾಸಿಗೆ, ಪಾತ್ರೆ ಕಟ್ಟಿಕೊಂಡು ದುಡಿಯೋಕೆ ಬಂದವರ ಗಂಟು ಇದರಲ್ಲಿ ಹಿಡಿಯಲ್ಲ. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ ತಲೆ ಮೇಲೆ ಗಂಟು ಹೊತ್ತ ರೈತರೊಬ್ಬರನ್ನ, ಕೈಯಲ್ಲಿ ಟಿಕೆಟ್ ಇದ್ದರೂ, ಬಟ್ಟೆ ಕೊಳೆಯಾಗಿದೆ ಅಂತ ತಡೆದ ವಿಡಿಯೋ ನೀವೆಲ್ಲ ನೋಡಿದೀರಿ. ಸಹ ಪ್ರಯಾಣಿಕರು ಗಲಾಟೆ ಮಾಡಿದರು, ಭದ್ರತಾ ಮೇಲ್ವಿಚಾರಕನನ್ನ ಕೆಲಸದಿಂದ ತೆಗೆದರು, ಪ್ರಕರಣ ಮುಗೀತು. ನನಗೆ ಆವತ್ತೇ ಅನ್ನಿಸಿದ್ದು: ಆ ಸಿಬ್ಬಂದಿ ಬಾಯಿಬಿಟ್ಟು ಹೇಳಿದ್ದನ್ನೇ ವೇಳಾಪಟ್ಟಿ, ದರಪಟ್ಟಿಗಳು ಸಭ್ಯವಾಗಿ ಹೇಳ್ತಿವೆ.

ಬಿಎಂಆರ್‌ಸಿಎಲ್ ಪರವಾಗಿ ಒಂದು ಗಟ್ಟಿ ವಾದ ಇದೆ, ಇಂಜಿನಿಯರಿಂಗ್ ಓದಿದ ನಾನು ಅದನ್ನ ತಳ್ಳಿಹಾಕಲ್ಲ. ನಮ್ಮ ಮೆಟ್ರೋ ಓಡೋದು ಹಳಿ ಪಕ್ಕದ ಮೂರನೇ ಹಳಿಯಲ್ಲಿ ಹರಿಯೋ 750 ವೋಲ್ಟ್ ವಿದ್ಯುತ್ತಿನಿಂದ. ಅದನ್ನ ಬಂದ್ ಮಾಡದೆ ಯಾರೂ ಹಳಿಗೆ ಇಳಿಯೋ ಹಾಗಿಲ್ಲ. ಕೊನೆ ರೈಲು ಹೋಗಿ ಮೊದಲ ರೈಲು ಬರೋದರೊಳಗೆ ಹಳಿ, ಸಿಗ್ನಲ್ ತಪಾಸಣೆ ಎಲ್ಲ ಮುಗೀಬೇಕು. ಆ ಕೆಲವೇ ತಾಸಿನಲ್ಲಿ ಮುಕ್ಕಾಲು ಗಂಟೆ ಕಡಿತ ಅಂದ್ರೆ ಸಣ್ಣದಲ್ಲ. ಒಪ್ಪೋಣ. ಆದರೆ ಭಾನುವಾರದ ಎರಡು ಗಂಟೆ ತಡಕ್ಕೆ ಎಷ್ಟು ಪಾಲು ತಪಾಸಣೆ ಕಾರಣ, ಎಷ್ಟು ಪಾಲು 'ಆಫೀಸಿಲ್ಲ' ಅನ್ನೋದು ಕಾರಣ? ಬೆಳಗ್ಗೆ 7ರೊಳಗೆ ಮೆಜೆಸ್ಟಿಕ್‌ನಲ್ಲಿ ಹತ್ತೋರಿಗೆ ಲಗೇಜ್ ಶುಲ್ಕ ಬಿಡೋಕೆ ಯಾವ ವಿದ್ಯುತ್ತನ್ನೂ ಬಂದ್ ಮಾಡಬೇಕಿಲ್ಲ.

'ಇದು ಬೆಂಗಳೂರಿಗರ ಮೆಟ್ರೋ, ಅವರ ಅಗತ್ಯವೇ ಮೊದಲು' ಅನ್ನೋರಿಗೆ ಒಂದು ಮಾತು. ಬಿಎಂಆರ್‌ಸಿಎಲ್‌ನಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರ ಸಮಪಾಲುದಾರರು. ರಾಜ್ಯದ ಪಾಲು ಅಂದ್ರೆ ರಾಜ್ಯದ ಖಜಾನೆ. ಇಂಡಿಯ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದಾಗ ಕಟ್ಟೋ ತೆರಿಗೆಯೂ ಆ ಖಜಾನೆಗೇ ಹೋಗೋದು.

ಮೆಜೆಸ್ಟಿಕ್ ಮೇಲಿನ ನಗರದ ಭಾರ ಈಗ ಹಂಚಿಹೋಗ್ತಿದೆ. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಬಂದ ಮೇಲೆ ಆರ್.ವಿ. ರಸ್ತೆಯೂ ಬದಲಾವಣೆಯ ನಿಲ್ದಾಣ. ಗುಲಾಬಿ ಮಾರ್ಗ ಪೂರ್ತಿ ಓಡಿದರೆ ಎಂ.ಜಿ. ರಸ್ತೆಯೂ ಸೇರುತ್ತೆ. ಆಗ ಮೆಜೆಸ್ಟಿಕ್‌ನಲ್ಲಿ ಊರಿಂದ ಬಂದವರ ಪಾಲು ಹೆಚ್ಚೇ ಆಗುತ್ತೆ. ಅವರು ಎಷ್ಟು ಜನ ಅಂತ ಅಂದಾಜು ಮಾಡೋದು ಕಷ್ಟವೇನಲ್ಲ. ಟಿಕೆಟ್ ಗೇಟು ಪ್ರತಿ ಪ್ರವೇಶವನ್ನೂ ಸಮಯದ ಸಮೇತ ದಾಖಲಿಸುತ್ತೆ. ಸೋಮವಾರ 4:15ರಿಂದ 5ರವರೆಗೆ ಮೆಜೆಸ್ಟಿಕ್‌ನಲ್ಲಿ ಎಷ್ಟು ಜನ ಒಳಗೆ ಬಂದರು, ಉಳಿದ ದಿನ ಗೇಟು ತೆರೆದ ಮೊದಲ ಹತ್ತು ನಿಮಿಷದಲ್ಲಿ ಎಷ್ಟು ಜನ ಬಂದರು? ಈ ಎರಡು ಸಂಖ್ಯೆಗಳನ್ನ ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಕೇಳಬಹುದು. ನಮ್ಮ ಜಿಲ್ಲೆಯ ಶಾಸಕರು ಸದನದಲ್ಲೂ ಕೇಳಬಹುದು.