ಚೈತ್ರ ವೈಶಾಖಗಳಲ್ಲಿ ಬೆಟ್ಟ ಹತ್ತುವವರಿಗೆ

ರಜೆಯ ದಿನಗಳು ಸಮೀಪಿಸಿದುವು. ದುಬಾರೆಯಲ್ಲಿ ಕಾವೇರಿಯನ್ನೂ ಆನೆಗಳನ್ನೂ ಕಂಡು, ಅಲ್ಲಿಂದ ಮುಂದೆ ಕೊಡಗಿನ ಬೆಟ್ಟಗಳನ್ನು ಹತ್ತಬೇಕೆಂದು ಸಂಕಲ್ಪಿಸಿರುವ ಕುಟುಂಬಗಳು ಹಲವು. "ವಸಂತದಲ್ಲಿ ಮಳೆಯ ಭಯವಿಲ್ಲವಷ್ಟೆ?" ಎಂದು ಕೇಳುವ ಗೃಹಸ್ಥರಿಗೆ ನನ್ನ ಉತ್ತರವಿದು: ಭಯವಿದೆ, ಆದರೆ ಅದಕ್ಕೊಂದು ಹೊತ್ತುಂಟು.

ಪ್ರಾತಃಕಾಲದಲ್ಲಿ ದುಬಾರೆಯ ನೋಟವು ಎಂತಹವರನ್ನೂ ನಂಬಿಸುವಂತಹುದು. ಹೊಳೆಯಿಳಿದು ಬಂಡೆಗಳು ತಲೆಯೆತ್ತಿರುತ್ತವೆ. ಮಾವುತರು ಆನೆಗಳ ಮೈಯುಜ್ಜುತ್ತಿರುತ್ತಾರೆ. ಆಕಾಶದಲ್ಲಿ ಅಂಗೈಯಗಲದ ಮೋಡವೂ ಕಾಣದು. ಹೊತ್ತೇರಿದಂತೆ ನೆಲವು ಕಾದು ಗಾಳಿಯು ಮೇಲೇಳುತ್ತದೆ. ಪಡುವಣ ಕಡಲಿನಿಂದ ಬಂದ ತೇವದ ಗಾಳಿಯು ಬೆಟ್ಟದ ಸಾಲನ್ನು ತಾಕಿ, ಇನ್ನೂ ಮೇಲೇರಿ, ತಣಿದು, ಮಧ್ಯಾಹ್ನದ ಮೇಲೆ ಗುಡುಗಿನ ಮೋಡವಾಗಿ ನಿಲ್ಲುತ್ತದೆ. ಕಾಳಿದಾಸನು ಮೇಘದೂತದಲ್ಲಿ ಬೆಟ್ಟಕ್ಕೊರಗಿದ ಮೋಡವನ್ನು ಆನೆಗೆ ಹೋಲಿಸಿದ್ದಾನೆ. ಹೊಳೆಯ ಆನೆಗಳಿಗೆ ಮಾವುತರುಂಟು. ಈ ಆನೆಗೆ ಮಾವುತನಿಲ್ಲ.

ಇದೇ ಮಳೆಯನ್ನು ಕಾಫಿ ತೋಟದವರು ಹೂಮಳೆಯೆಂದು ಕರೆದು ದಾರಿ ಕಾಯುತ್ತಾರೆ. 25ರಿಂದ 40 ಮಿಲಿಮೀಟರಿನಷ್ಟು ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟವು ಬೆಳ್ಳಗೆ ಅರಳುತ್ತದೆ. ಒಂದು ವರ್ಷದ ಅನ್ನವೇ ಅದರಲ್ಲಿರುವಾಗ, ನಮ್ಮ ವಿಹಾರಕ್ಕಾಗಿ ಮಳೆಯನ್ನು ಶಪಿಸುವುದು ಸಲ್ಲದು.

ಮಾರ್ಚಿಯಲ್ಲಿ ಸಾಮಾನ್ಯವಾಗಿ ಒಣಹವೆ. ದೂರದ ನೋಟಕ್ಕೆ ಮಬ್ಬು. ಕಾಡ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆಯವರು ದಾರಿಗಳನ್ನು ಮುಚ್ಚುವುದೂ ಉಂಟಾದುದರಿಂದ ಅನುಮತಿಯನ್ನು ಮೊದಲೇ ವಿಚಾರಿಸತಕ್ಕದ್ದು. ಏಪ್ರಿಲ್ ನಡುವಿನಿಂದ ಅಶ್ವಿನಿ, ಬಳಿಕ ಭರಣಿ. ಆಗ ಸಂಜೆಯ ಗುಡುಗು, ಒಮ್ಮೊಮ್ಮೆ ಆನೆಕಲ್ಲು. ಕೇರಳವನ್ನು ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1. ಆದಕಾರಣ ಮೇ ಕೊನೆಯ ವಾರದಲ್ಲಿ ಶಿಖರದ ಆಸೆಯನ್ನು ಬಿಡುವುದು ಲೇಸು.

ನಾನು ಉಪಾಧ್ಯಾಯನಾಗಿದ್ದಾಗ ಒಂದು ಏಪ್ರಿಲಿನಲ್ಲಿ ಹುಡುಗರನ್ನು ಕಕ್ಕಬ್ಬೆಯ ಬಳಿಯ ತಡಿಯಂಡಮೋಳಿಗೆ ಕರೆದೊಯ್ದಿದ್ದೆನು. ಶಿಖರವನ್ನು ಸೇರುವಾಗಲೇ ಮಧ್ಯಾಹ್ನ. ಬುತ್ತಿ ಬಿಚ್ಚಿ, ಸ್ಥಳಮಹಿಮೆಯನ್ನು ವಿವರಿಸುತ್ತ ಎರಡು ಗಂಟೆಯವರೆಗೆ ಕುಳಿತೆನು. ಒಬ್ಬ ಹುಡುಗನು, "ಗುಡುಗು ಕೇಳಿಸಿತು, ಸಾರ್" ಎಂದನು. ಪಾಠಕ್ಕೆ ಭಂಗವಾಯಿತೆಂದು ಅವನನ್ನು ಗದರಿಸಿದೆನು. ಕಾಲು ಗಂಟೆಯೊಳಗೆ ಮಂಜು ಕವಿಯಿತು. ಆಲಿಕಲ್ಲು, ಕಣ್ಣು ಕುಕ್ಕುವ ಮಿಂಚು. ಇಳಿಯುತ್ತ ತಲೆಗಳನ್ನು ಎಣಿಸಿದರೆ ಒಂದು ಕಡಿಮೆ. ಗದರಿಸಿಕೊಂಡವನೇ ಇರಲಿಲ್ಲ. ಅವನು ಜಾರಿಬಿದ್ದಿದ್ದ ಚಿಕ್ಕವನೊಬ್ಬನ ಚೀಲವನ್ನು ತರಲು ಹಿಂದೆ ನಿಂತಿದ್ದನು. ಕೆಲವು ನಿಮಿಷಗಳಲ್ಲಿ ಬಂದು ಕೂಡಿಕೊಂಡನು. ಆ ನಿಮಿಷಗಳಲ್ಲಿ, ಅವನ ತಾಯಿಗೆ ಏನು ಹೇಳಲಿ ಎಂಬುದೊಂದೇ ನನ್ನ ಮನಸ್ಸಿನಲ್ಲಿದ್ದುದು. ಅವನಲ್ಲಿ ಕ್ಷಮೆ ಕೇಳುವ ಬುದ್ಧಿ ಅಂದು ನನಗೆ ಬರಲಿಲ್ಲ.

ಆ ದಿನದಿಂದ ಪಾಲಿಸುತ್ತ ಬಂದ ನಿಯಮಗಳನ್ನು ಇಲ್ಲಿ ಹೇಳುತ್ತೇನೆ. ಹಿಂದಿನ ರಾತ್ರಿಯೇ ಬೆಟ್ಟದ ಬುಡದ ಊರಿನಲ್ಲಿ ತಂಗಿ, ಬೆಳಕು ಹರಿಯುತ್ತಲೇ ಹೊರಡಿರಿ. ಶಿಖರ ಸಿಕ್ಕಲಿ ಬಿಡಲಿ, ಹನ್ನೊಂದು ಗಂಟೆಗೆ ಹಿಂದಿರುಗಿರಿ. ದುಬಾರೆ ಸುಮಾರು 850 ಮೀಟರ್, ತಡಿಯಂಡಮೋಳ್ 1748 ಮೀಟರ್ ಎತ್ತರವಾದುದರಿಂದ ಮೇಲೆ ಐದಾರು ಡಿಗ್ರಿ ಸೆಲ್ಸಿಯಸ್ ತಂಪು. ನೆನೆದ ಮಕ್ಕಳಿಗೆ ಒಣ ಅಂಗಿಯೊಂದು ಚೀಲದಲ್ಲಿರಲಿ. ಗುಡುಗು ಕೇಳಿಸಿದೊಡನೆ ಬೋಳು ಏಣನ್ನು ಬಿಟ್ಟು ಇಳಿಯಿರಿ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವಷ್ಟು ಹೊತ್ತಿದ್ದರೂ ಸಿಡಿಲು ಹತ್ತೇ ಕಿಲೋಮೀಟರ್ ದೂರದಲ್ಲಿದೆಯೆಂದು ತಿಳಿಯಿರಿ. ಒಂಟಿಮರದ ಕೆಳಗೆ ನಿಲ್ಲತಕ್ಕುದಲ್ಲ. ಕೊನೆಯ ಗುಡುಗಿನ ತರುವಾಯ ಅರ್ಧ ಗಂಟೆ ಕಳೆಯದೆ ಮತ್ತೆ ಮೇಲೇರಬಾರದು. ಬೆಟ್ಟದಲ್ಲಿ ಮಳೆಯಾದ ಸಂಜೆ ದುಬಾರೆಯ ಬಂಡೆಗಳ ಮೇಲೂ ಮಕ್ಕಳನ್ನು ಬಿಡದಿರಿ; ಇಲ್ಲಿ ಬಿಸಿಲಿದ್ದರೂ ಹೊಳೆಯೇರೀತು.

ಕೊನೆಯದಾಗಿ, ಗುಡುಗು ಕೇಳಿಸಿತೆಂದು ಮಗುವೊಂದು ಹೇಳಿದರೆ ದಯಮಾಡಿ ಮಾತು ನಿಲ್ಲಿಸಿ ಕಿವಿಗೊಡಿರಿ.